ತತ್ಕ್ಷಣ ಕೇಂದ್ರದಿಂದ ವೇಗ ಸಿಗುತ್ತದೆ. ವೇಗೋತ್ಕರ್ಷ ಏಕೆ ಸಿಗುವುದಿಲ್ಲ?

ಮೆಕ್ಯಾನಿಕಲ್ ವಿದ್ಯಾರ್ಥಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮಗೆ ಈಗ ಕೈನೆಮ್ಯಾಟಿಕ್ಸ್ ಆಫ್ ಮಷೀನ್ಸ್ ವಿಷಯದಲ್ಲಿ ತತ್ಕ್ಷಣ ಕೇಂದ್ರದ, ಎಂದರೆ ಒಂದು ಕ್ಷಣದಲ್ಲಿ ಕಾಯ ಯಾವ ಬಿಂದುವಿನ ಸುತ್ತ ತಿರುಗುತ್ತಿರುವಂತಿದೆಯೋ ಆ ಬಿಂದುವಿನ, ಪಾಠ ನಡೆಯುತ್ತಿದೆ. ತರಗತಿಯಲ್ಲಿ ಎಲ್ಲರೂ ಅದನ್ನು ಐ-ಸೆಂಟರ್ ಎಂದೇ ಕರೆಯುತ್ತೇವೆ. ಲೆಕ್ಕ ಬಿಡಿಸಲು ಬರುತ್ತದೆ, ಆದರೆ ಏನು ಮಾಡುತ್ತಿದ್ದೇನೆ ಎಂಬುದು ಮನಸ್ಸಿಗೆ ಒಪ್ಪುತ್ತಿಲ್ಲ.

ಕೊಟ್ಟಿರುವ ಲೆಕ್ಕ ಹೀಗಿದೆ: ಸ್ಲೈಡರ್-ಕ್ರ್ಯಾಂಕ್ ಯಂತ್ರದಲ್ಲಿ (ತಿರುಗುವ ಕ್ರ್ಯಾಂಕ್ ಒಂದು ರಾಡಿನ ಮೂಲಕ ಪಿಸ್ಟನ್ನನ್ನು ನೇರ ಜಾಡಿನಲ್ಲಿ ಜಾರಿಸುವ ಯಂತ್ರ) ಕ್ರ್ಯಾಂಕ್ 50 ಮಿ.ಮೀ., ಕನೆಕ್ಟಿಂಗ್ ರಾಡ್ 200 ಮಿ.ಮೀ., ಕ್ರ್ಯಾಂಕ್ 1500 ಆರ್‌ಪಿಎಂನಲ್ಲಿ ಏಕರೀತಿಯಾಗಿ ತಿರುಗುತ್ತಿದೆ. ಕ್ರ್ಯಾಂಕ್ ಕೇಂದ್ರದಿಂದ ಪಿಸ್ಟನ್ ಅತಿ ದೂರದಲ್ಲಿರುವ ಸ್ಥಾನವಾದ ಒಳ ಡೆಡ್ ಸೆಂಟರ್‌ನಿಂದ 60 ಡಿಗ್ರಿ ತಿರುಗಿದಾಗ ಪಿಸ್ಟನ್ನಿನ ವೇಗ ಎಷ್ಟು? ಕ್ರ್ಯಾಂಕ್ ರೇಖೆಯನ್ನು ಮುಂದಕ್ಕೆ ಎಳೆದು, ಪಿಸ್ಟನ್ ಪಿನ್ನಿನ ಬಳಿ ಜಾರುವ ದಿಕ್ಕಿಗೆ ಲಂಬ ಎಳೆದರೆ ಎರಡೂ ಸೇರುವ ಬಿಂದು ಪಿಸ್ಟನ್ನಿಗಿಂತ ಎಷ್ಟೋ ಮೇಲೆ, ನನ್ನ ಡ್ರಾಯಿಂಗ್ ಶೀಟಿನ ಅಂಚನ್ನೂ ದಾಟಿ ಬೀಳುತ್ತದೆ. ಅಲ್ಲಿ ರಾಡ್ ಇಲ್ಲ, ಪಿನ್ ಇಲ್ಲ, ಏನೂ ಇಲ್ಲ. ಹಾಗಿದ್ದರೂ ರಾಡ್ ಆ ಬಿಂದುವಿನ ಸುತ್ತ ತಿರುಗುತ್ತಿದೆ ಎಂದು ಹೇಳುತ್ತೇವೆ. ವಸ್ತುವಿನಲ್ಲೇ ಇಲ್ಲದ ಬಿಂದುವಿನ ಸುತ್ತ ವಸ್ತು ತಿರುಗುವುದು ಹೇಗೆ?

ಎರಡನೆಯ ಪ್ರಶ್ನೆಯೂ ಇದಕ್ಕೇ ಸೇರಿದೆ. ಆ ಬಿಂದು ನಿಶ್ಚಲವಾಗಿದ್ದು ರಾಡ್ ಅದರ ಸುತ್ತ ತಿರುಗುತ್ತಿರುವುದು ನಿಜವಾದರೆ, ಅದೇ ಬಿಂದುವನ್ನು ಹಿಡಿದು ವೇಗೋತ್ಕರ್ಷವನ್ನೂ (ಆಕ್ಸಲರೇಷನ್) ಕಂಡುಹಿಡಿಯಬಹುದಲ್ಲವೇ? ಹಾಗೆ ಮಾಡಬಾರದು ಎಂದು ಪುಸ್ತಕ ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ.

ನಿವೃತ್ತ ಉಪನ್ಯಾಸಕ

ನಿಮ್ಮ ಎರಡೂ ಪ್ರಶ್ನೆಗಳು ಕೇಳಲೇಬೇಕಾದವು. ಮೊದಲನೆಯದನ್ನು ಈಗ ಹೇಳುತ್ತೇನೆ, ಎರಡನೆಯದು ಅದರ ಮೇಲೆಯೇ ನಿಲ್ಲುತ್ತದೆ.

ದೃಢಕಾಯ ಎಂದರೆ ಅದರ ಯಾವ ಎರಡು ಬಿಂದುಗಳ ನಡುವಿನ ದೂರವೂ ಬದಲಾಗದ ಕಾಯ. ಆದ್ದರಿಂದ ಒಂದು ಬಿಂದುವಿನಿಂದ ನೋಡಿದರೆ ಇನ್ನೊಂದು ಬಿಂದುವಿಗೆ ಹತ್ತಿರ ಬರುವ ಅಥವಾ ದೂರ ಸರಿಯುವ ಚಲನೆ ಇರಲಾರದು; ಇರುವುದೆಲ್ಲ ಅವೆರಡನ್ನು ಸೇರಿಸುವ ರೇಖೆಗೆ ಲಂಬವಾದ ಚಲನೆ, ಅದರ ಅಳತೆ ದೂರ ಗುಣಿಸು ಕೋನೀಯ ವೇಗ. ಈಗ ರಾಡಿನ ಮೇಲಿನ ಎ ಎಂಬ ಕ್ರ್ಯಾಂಕ್ ಪಿನ್ನಿನ ವೇಗ ನಮಗೆ ಗೊತ್ತಿದೆ ಎಂದಿಟ್ಟುಕೊಳ್ಳಿ. ಆ ವೇಗಕ್ಕೆ ಲಂಬವಾಗಿ ಎ ಬಿಂದುವಿನಿಂದ ಒಂದು ರೇಖೆ ಎಳೆದು, ಎ ಬಿಂದುವಿನ ವೇಗವನ್ನು ರಾಡಿನ ಕೋನೀಯ ವೇಗದಿಂದ ಭಾಗಿಸಿದಷ್ಟು ದೂರ ಆ ರೇಖೆಯ ಮೇಲೆ ಸರಿಯಾದ ಕಡೆಗೆ ಸಾಗಿದರೆ, ಅಲ್ಲಿ ಎ ಬಿಂದುವಿನ ವೇಗವೂ ತಿರುಗುವಿಕೆಯಿಂದ ಬರುವ ವೇಗವೂ ಸಮವಾಗಿ, ವಿರುದ್ಧ ದಿಕ್ಕಿನಲ್ಲಿ ನಿಂತು ಒಂದನ್ನೊಂದು ಅಳಿಸಿಹಾಕುತ್ತವೆ. ಕೋನೀಯ ವೇಗ ಸೊನ್ನೆಯಲ್ಲದಿದ್ದರೆ ಸಾಕು, ಇಂಥ ಬಿಂದು ಒಂದು ಇದ್ದೇ ಇರುತ್ತದೆ, ಒಂದೇ ಒಂದು ಇರುತ್ತದೆ. ಅದೇ ತತ್ಕ್ಷಣ ಕೇಂದ್ರ.

ಅಲ್ಲಿ ಕಬ್ಬಿಣ ಇರಬೇಕೆಂಬ ನಿಯಮವೇನೂ ಈ ವಾದದಲ್ಲಿ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. ರಾಡಿಗೆ ಒಂದು ಅಗಲವಾದ ಗಾಜಿನ ಹಾಳೆಯನ್ನು ಬಿಗಿಯಾಗಿ ಅಂಟಿಸಿದ್ದೇವೆ, ಅದು ರಾಡಿನೊಂದಿಗೇ ಚಲಿಸುತ್ತದೆ ಎಂದು ಭಾವಿಸಿಕೊಳ್ಳಿ. ಆ ಹಾಳೆಯ ಒಂದು ಚುಕ್ಕೆ ಈ ಕ್ಷಣದಲ್ಲಿ ನಿಂತಿದೆ. ‘ರಾಡ್ ಆ ಬಿಂದುವಿನ ಸುತ್ತ ತಿರುಗುತ್ತಿದೆ’ ಎಂಬ ಮಾತಿನ ಅರ್ಥ ಇಷ್ಟೇ: ಈ ಕ್ಷಣದ ವೇಗಗಳ ಹಂಚಿಕೆ, ಆ ಚುಕ್ಕೆಗೆ ಪಿನ್ ಹೊಡೆದು ತಿರುಗಿಸಿದ್ದರೆ ಹೇಗಿರುತ್ತಿತ್ತೋ ಹಾಗೆಯೇ ಇದೆ.

ಇನ್ನು ನಿಮ್ಮ ಲೆಕ್ಕ. 1500 ಆರ್‌ಪಿಎಂ ಎಂದರೆ ಸೆಕೆಂಡಿಗೆ 157.08 ರೇಡಿಯನ್, ಕ್ರ್ಯಾಂಕ್ ಪಿನ್ನಿನ ವೇಗ ಸೆಕೆಂಡಿಗೆ 7.854 ಮೀಟರ್. ರಾಡ್ ಜಾರುವ ರೇಖೆಯೊಂದಿಗೆ ಮಾಡುವ ಕೋನ ಸುಮಾರು 12.5 ಡಿಗ್ರಿ, ಆದ್ದರಿಂದ ಪಿಸ್ಟನ್ ಪಿನ್ ಕ್ರ್ಯಾಂಕ್ ಕೇಂದ್ರದಿಂದ 220.3 ಮಿ.ಮೀ. ದೂರದಲ್ಲಿದೆ. ಎರಡು ಲಂಬಗಳು ಸೇರುವ ಬಿಂದು ಪಿಸ್ಟನ್ನಿನಿಂದ ನೇರ ಮೇಲಕ್ಕೆ 381.5 ಮಿ.ಮೀ., ಕ್ರ್ಯಾಂಕ್ ಪಿನ್ನಿನಿಂದ 390.5 ಮಿ.ಮೀ. ರಾಡಿನ ಕೋನೀಯ ವೇಗ, ಮಿ.ಮೀ. ಲೆಕ್ಕದಲ್ಲಿ, 7854 ಭಾಗಿಸು 390.5, ಎಂದರೆ ಸೆಕೆಂಡಿಗೆ 20.1 ರೇಡಿಯನ್. ಪಿಸ್ಟನ್ನಿನ ವೇಗ ಅದನ್ನು 381.5ರಿಂದ ಗುಣಿಸಿದಷ್ಟು, ಸೆಕೆಂಡಿಗೆ 7.67 ಮೀಟರ್. ಸೂತ್ರ ಹಾಕಿ ತಾಳೆ ನೋಡಿದರೂ ಇದೇ ಬರುತ್ತದೆ.

ಬಿಂದು ಶೀಟಿನ ಆಚೆ ಬೀಳುವುದರಿಂದ ಗಾಬರಿಯಾಗಬೇಕಿಲ್ಲ. ಕ್ರ್ಯಾಂಕ್ ಕೇಂದ್ರದ ಮೂಲಕ ಜಾರುವ ರೇಖೆಗೆ ಒಂದು ಲಂಬ ಎಳೆಯಿರಿ. ರಾಡಿನ ರೇಖೆಯನ್ನು ಹಿಂದಕ್ಕೆ ಎಳೆದು ಅದು ಆ ಲಂಬವನ್ನು ಎಲ್ಲಿ ಕತ್ತರಿಸುತ್ತದೆ ನೋಡಿ. ಕ್ರ್ಯಾಂಕ್ ಕೇಂದ್ರದಿಂದ 48.8 ಮಿ.ಮೀ. ಬರುತ್ತದೆ. ಅದನ್ನು 157.08ರಿಂದ ಗುಣಿಸಿದರೆ ನೇರವಾಗಿ ಪಿಸ್ಟನ್ನಿನ ವೇಗ, ಮತ್ತೆ 7.67. ರಾಡಿನ ಕೋನೀಯ ವೇಗ ಬೇಕಾಗಲೇ ಇಲ್ಲ, ಶೀಟ್ ದಾಟಬೇಕಾಗಲೂ ಇಲ್ಲ.

ಮೆಕ್ಯಾನಿಕಲ್ ವಿದ್ಯಾರ್ಥಿ, ದಾವಣಗೆರೆ

ಗಾಜಿನ ಹಾಳೆಯ ವಿವರಣೆಯಿಂದ ಮೊದಲನೆಯದು ಸ್ಪಷ್ಟವಾಯಿತು ಸರ್. ಆದರೆ ಕೊನೆಯಲ್ಲಿ ಹೇಳಿದ 48.8 ಮಿ.ಮೀ. ಬಿಂದು ಯಾವುದರ ಕೇಂದ್ರ? ಅದರ ಸುತ್ತ ಯಾವ ವಸ್ತುವೂ ತಿರುಗುತ್ತಿಲ್ಲವಲ್ಲ?

ನಿವೃತ್ತ ಉಪನ್ಯಾಸಕ

ಅದು ಕ್ರ್ಯಾಂಕಿಗೂ ಪಿಸ್ಟನ್ನಿಗೂ ನಡುವಿನ ಕೇಂದ್ರ. ಚೌಕಟ್ಟು 1, ಕ್ರ್ಯಾಂಕ್ 2, ರಾಡ್ 3, ಪಿಸ್ಟನ್ 4 ಎಂದು ಸಂಖ್ಯೆ ಕೊಟ್ಟರೆ ಅದರ ಹೆಸರು ಐ-24. ತತ್ಕ್ಷಣ ಕೇಂದ್ರವನ್ನು ‘ನಿಂತಿರುವ ಬಿಂದು’ ಎಂದು ಮಾತ್ರ ಕಲಿತವರು ಇಲ್ಲಿ ತಡವರಿಸುತ್ತಾರೆ. ಎರಡು ಕಾಯಗಳಿಗೆ ಸಂಬಂಧಿಸಿದ ತತ್ಕ್ಷಣ ಕೇಂದ್ರವೆಂದರೆ, ಎರಡೂ ಕಾಯಗಳ ಮೇಲೆ ಇದೆಯೆಂದು ಭಾವಿಸಿದಾಗ ಎರಡರಲ್ಲಿಯೂ ಒಂದೇ ವೇಗವುಳ್ಳ ಬಿಂದು. ಒಂದು ಕಾಯ ನೆಲಕ್ಕೆ ಬಿಗಿದ ಚೌಕಟ್ಟಾಗಿದ್ದರೆ ಆ ವೇಗ ಸೊನ್ನೆ, ಅಷ್ಟೇ. ಐ-24ರಲ್ಲಿ ಕ್ರ್ಯಾಂಕಿಗೆ ಅಂಟಿದ ಹಾಳೆಯ ವೇಗವೂ ಪಿಸ್ಟನ್ನಿಗೆ ಅಂಟಿದ ಹಾಳೆಯ ವೇಗವೂ ಒಂದೇ. ಪಿಸ್ಟನ್ನಿನ ಎಲ್ಲ ಬಿಂದುಗಳೂ ಒಂದೇ ವೇಗದಲ್ಲಿ ಜಾರುತ್ತವೆಯಾದ್ದರಿಂದ, ಆ ಒಂದು ಬಿಂದುವಿನಲ್ಲಿ ಕ್ರ್ಯಾಂಕಿನ ವೇಗ ತಿಳಿದರೆ ಪಿಸ್ಟನ್ನಿನ ವೇಗ ತಿಳಿದಂತೆಯೇ.

ಆ ಬಿಂದು ಎಲ್ಲಿದೆ ಎಂದು ಹುಡುಕಲು ಅರಾನ್‌ಹೋಲ್ಡ್-ಕೆನೆಡಿ ಪ್ರಮೇಯ ಬೇಕು. ಜರ್ಮನಿಯ ಅರಾನ್‌ಹೋಲ್ಡ್ 1872ರಲ್ಲಿ, ಇಂಗ್ಲೆಂಡಿನ ಕೆನೆಡಿ 1886ರಲ್ಲಿ, ಒಬ್ಬರನ್ನೊಬ್ಬರು ಆಧರಿಸದೆ ಇದನ್ನು ಹೇಳಿದರು: ಒಂದೇ ಸಮತಲದಲ್ಲಿ ಚಲಿಸುವ ಮೂರು ಕಾಯಗಳ ಮೂರು ತತ್ಕ್ಷಣ ಕೇಂದ್ರಗಳು ಒಂದೇ ಸರಳರೇಖೆಯ ಮೇಲಿರುತ್ತವೆ. ಕಾರಣ ಸರಳ. 1, 2, 3 ಎಂಬ ಕಾಯಗಳಲ್ಲಿ ಐ-23ನ್ನು 2ನೆಯ ಕಾಯದ ಬಿಂದುವೆಂದು ನೋಡಿದರೆ ಅದರ ವೇಗ ಐ-12ರಿಂದ ಎಳೆದ ರೇಖೆಗೆ ಲಂಬ. 3ನೆಯ ಕಾಯದ ಬಿಂದುವೆಂದು ನೋಡಿದರೆ ಐ-13ರಿಂದ ಎಳೆದ ರೇಖೆಗೆ ಲಂಬ. ಎರಡೂ ಒಂದೇ ವೇಗವಾಗಬೇಕು. ಒಂದೇ ವೇಗ ಎರಡು ಬೇರೆ ಬೇರೆ ದಿಕ್ಕಿನ ರೇಖೆಗಳಿಗೆ ಲಂಬವಾಗಿರಲಾರದು. ಆದ್ದರಿಂದ ಆ ಎರಡು ರೇಖೆಗಳೂ ಒಂದೇ ಆಗಿರಬೇಕು.

ಚೌಕಟ್ಟೂ ಸೇರಿ ಯಂತ್ರದ ಒಂದೊಂದು ಕಾಯವೂ ಒಂದು ಲಿಂಕ್; ನಾಲ್ಕು ಲಿಂಕುಗಳಿದ್ದರೆ ಒಟ್ಟು 6 ಕೇಂದ್ರಗಳು, ಆರು ಲಿಂಕುಗಳಿದ್ದರೆ 15. ನಿಮ್ಮ ಯಂತ್ರದಲ್ಲಿ ಮೂರು ಪಿನ್ನುಗಳು ಮೂರು ಕೇಂದ್ರಗಳಾದವು. ನೇರ ಜಾಡಿನಲ್ಲಿ ಜಾರುವ ಪಿಸ್ಟನ್ನಿನ ಕೇಂದ್ರ ಐ-14 ಜಾಡಿಗೆ ಲಂಬವಾದ ದಿಕ್ಕಿನಲ್ಲಿ ಅನಂತದಲ್ಲಿದೆ. ಉಳಿದ ಎರಡನ್ನು ಪ್ರಮೇಯ ಕೊಡುತ್ತದೆ. ಐ-12ರ ಮೂಲಕ ಜಾಡಿಗೆ ಲಂಬ ಎಳೆಯಲು ಹೇಳಿದ್ದು ಅನಂತದಲ್ಲಿರುವ ಐ-14ಕ್ಕೆ ರೇಖೆ ಎಳೆದಂತೆಯೇ ಆಯಿತು. ಪರೀಕ್ಷೆಯಲ್ಲಿ ಬಾಯಿಪಾಠ ಮಾಡಿದ ವಿಧಾನವಾಗಿ ಇದನ್ನು ಬರೆಯಬೇಡಿ. ಯಾವ ಮೂರು ಕಾಯಗಳನ್ನು ತೆಗೆದುಕೊಂಡಿರಿ ಎಂಬುದನ್ನು ಪ್ರತಿ ರೇಖೆಯ ಪಕ್ಕದಲ್ಲಿ ಬರೆಯುವ ಅಭ್ಯಾಸ ಇಟ್ಟುಕೊಂಡರೆ ಆರು ಲಿಂಕಿನ ಯಂತ್ರ ಬಂದರೂ ದಾರಿ ತಪ್ಪುವುದಿಲ್ಲ.

ರೈಲ್ವೆ ಎಂಜಿನಿಯರ್, ಹುಬ್ಬಳ್ಳಿ

ಎರಡನೆಯ ಪ್ರಶ್ನೆಗೆ ನಾನು ಚಕ್ರದಿಂದ ಉತ್ತರಿಸುತ್ತೇನೆ, ಏಕೆಂದರೆ ತತ್ಕ್ಷಣ ಕೇಂದ್ರದ ಬಲವೂ ಮಿತಿಯೂ ಅಲ್ಲಿ ಒಟ್ಟಿಗೆ ಕಾಣುತ್ತವೆ.

ಪ್ರಯಾಣಿಕರ ಬೋಗಿಯ ಹೊಸ ಚಕ್ರದ ವ್ಯಾಸ 915 ಮಿ.ಮೀ., ಅಂದರೆ ತ್ರಿಜ್ಯ 457.5 ಮಿ.ಮೀ. ರೈಲು ಗಂಟೆಗೆ 108 ಕಿ.ಮೀ. ವೇಗದಲ್ಲಿ ಓಡುತ್ತಿರಲಿ, ಸೆಕೆಂಡಿಗೆ 30 ಮೀಟರ್. ಚಕ್ರ ಜಾರದೆ ಉರುಳುತ್ತಿದ್ದರೆ ಹಳಿಗೆ ತಾಗಿರುವ ಬಿಂದು ತತ್ಕ್ಷಣ ಕೇಂದ್ರ, ಕೋನೀಯ ವೇಗ ಸೆಕೆಂಡಿಗೆ 65.6 ರೇಡಿಯನ್. ಚಕ್ರದ ಮೇಲ್ತುದಿ ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಮುಂದೆ ಹೋಗುತ್ತದೆ. ಹಳಿಯ ಮೇಲ್ಮೈಗಿಂತ ಕೆಳಗೆ ಇಳಿದಿರುವ ಫ್ಲ್ಯಾಂಜಿನ (ಚಕ್ರ ಹಳಿ ತಪ್ಪದಂತೆ ತಡೆಯುವ ಉಬ್ಬು ಪಟ್ಟಿ) ಅಂಚು, ಸುಮಾರು 28 ಮಿ.ಮೀ. ಕೆಳಗೆ ಇರುವುದರಿಂದ, ಅದೇ ಕ್ಷಣದಲ್ಲಿ ಸೆಕೆಂಡಿಗೆ 1.8 ಮೀಟರ್ ವೇಗದಲ್ಲಿ ಹಿಂದಕ್ಕೆ ಹೋಗುತ್ತದೆ. ಮುಂದಕ್ಕೆ ಧಾವಿಸುವ ರೈಲಿನ ಒಂದು ಭಾಗ ಸದಾ ಹಿಂದಕ್ಕೆ ಚಲಿಸುತ್ತಿರುತ್ತದೆ ಎಂಬ ಈ ಸಂಗತಿಯನ್ನು ಒಂದೇ ಗುಣಾಕಾರದಿಂದ ಹೇಳುವ ಬೇರೆ ವಿಧಾನ ನನಗೆ ಕಂಡಿಲ್ಲ.

ಈಗ ಅದೇ ಬಿಂದುವನ್ನು ನಿಜವಾದ ಪಿನ್ ಎಂದು ನಂಬಿ ವೇಗೋತ್ಕರ್ಷ ಲೆಕ್ಕ ಹಾಕಿ. ಪಿನ್ನಿನ ಸುತ್ತ ತಿರುಗುವ ಬಿಂದುವಿಗೆ ಪಿನ್ನಿನ ಕಡೆಗೆ ವೇಗೋತ್ಕರ್ಷ ಇರಬೇಕು. ಹಾಗಾದರೆ ಆಕ್ಸಲ್ ಕೇಂದ್ರಕ್ಕೆ ಕೆಳಮುಖವಾಗಿ 30ರ ವರ್ಗ ಭಾಗಿಸು 0.4575, ಎಂದರೆ ಸೆಕೆಂಡ್ ವರ್ಗಕ್ಕೆ ಸುಮಾರು 1967 ಮೀಟರ್ ವೇಗೋತ್ಕರ್ಷ ಬರುತ್ತದೆ. ಆಕ್ಸಲ್ ಹಳಿಯೊಳಗೆ ನುಗ್ಗಿಹೋಗಬೇಕಿತ್ತು! ಆದರೆ ಆಕ್ಸಲ್ ಏಕರೀತಿಯ ವೇಗದಲ್ಲಿ ನೇರವಾಗಿ ಸಾಗುತ್ತಿದೆ, ಅದರ ವೇಗೋತ್ಕರ್ಷ ಸೊನ್ನೆ. ಹಾಗಾದರೆ ಆ 1967 ಎಲ್ಲಿಗೆ ಹೋಯಿತು? ಅದು ಹಳಿಗೆ ತಾಗಿರುವ ಬಿಂದುವಿನದು, ಮೇಲ್ಮುಖವಾಗಿ, ಆಕ್ಸಲ್ ಕಡೆಗೆ. ಆ ಬಿಂದುವಿನ ವೇಗ ಸೊನ್ನೆ, ಆದರೆ ವೇಗೋತ್ಕರ್ಷ ಗುರುತ್ವದ ಸುಮಾರು 200 ಪಟ್ಟು. ಅದು ಹಳಿಯ ಮೇಲೆ ನಿಂತಿಲ್ಲ. ಕೆಳಗಿಳಿದು ಬಂದು, ಒಂದು ಕ್ಷಣ ವೇಗ ಕಳೆದುಕೊಂಡು, ಮತ್ತೆ ಮೇಲೇಳುತ್ತಿದೆ.

ಗಣಿತ ಶಿಕ್ಷಕಿ, ಮೈಸೂರು

ಚಕ್ರದ ಉದಾಹರಣೆಗೆ ಒಂದು ಮಾತು ಸೇರಿಸುತ್ತೇನೆ. 1638ರಲ್ಲಿ ಡೆಕಾರ್ಟ್, ಉರುಳುವ ಚಕ್ರದ ಅಂಚಿನ ಬಿಂದು ಬರೆಯುವ ಸೈಕ್ಲಾಯ್ಡ್ ರೇಖೆಗೆ ಸ್ಪರ್ಶಕ ಎಳೆಯಲು ಇದೇ ಯುಕ್ತಿಯನ್ನು ಬಳಸಿದ್ದ: ಉರುಳುವ ಚಕ್ರದ ಅಂಚಿನ ಬಿಂದುವಿನ ವೇಗ, ಆ ಬಿಂದುವನ್ನು ನೆಲದ ಸ್ಪರ್ಶಬಿಂದುವಿಗೆ ಸೇರಿಸುವ ರೇಖೆಗೆ ಲಂಬವಾಗಿರುತ್ತದೆ. ತತ್ಕ್ಷಣ ಕೇಂದ್ರದ ಸಾಮಾನ್ಯ ರೂಪವನ್ನು 1742ರಲ್ಲಿ ಯೋಹಾನ್ ಬರ್ನೂಲಿ ಕೊಟ್ಟ.

ನನಗೆ ಮುಖ್ಯವೆನಿಸುವುದು ಬೇರೊಂದು ಸಂಗತಿ. ‘ತತ್ಕ್ಷಣ ಕೇಂದ್ರ ಚಲಿಸುತ್ತದೆಯೇ?’ ಎಂದು ಕೇಳಿದಾಗ ನಾವು ಎರಡು ಬೇರೆ ವಸ್ತುಗಳನ್ನು ಒಂದೇ ಹೆಸರಿನಿಂದ ಕರೆಯುತ್ತೇವೆ. ಒಂದು, ಕಾಯಕ್ಕೆ ಅಂಟಿದ ಹಾಳೆಯ ಮೇಲಿನ ಚುಕ್ಕೆ. ಅದರ ವೇಗ ಈ ಕ್ಷಣದಲ್ಲಿ ಸೊನ್ನೆ. ಇನ್ನೊಂದು, ‘ಈಗ ಕೇಂದ್ರ ಎಲ್ಲಿದೆ’ ಎಂಬ ಸ್ಥಾನ. ಅದು ಕ್ಷಣಕ್ಷಣಕ್ಕೂ ಬೇರೆ ಚುಕ್ಕೆಗೆ ದಾಟುತ್ತ ಸಾಗುತ್ತದೆ, ಅದಕ್ಕೆ ತನ್ನದೇ ವೇಗವಿದೆ. ರೈಲಿನ ಚಕ್ರದಲ್ಲಿ ಆ ಸ್ಥಾನ ಹಳಿಯುದ್ದಕ್ಕೂ ಸೆಕೆಂಡಿಗೆ 30 ಮೀಟರ್ ಓಡುತ್ತಿದೆ. ಕಾಯದ ಯಾವುದೇ ಬಿಂದುವಿನ ವೇಗದ ಸಮೀಕರಣವನ್ನು ಕಾಲದ ಪ್ರಕಾರ ಅವಕಲಿಸಿ, ಆ ಬಿಂದುವನ್ನು ಕೇಂದ್ರದ ಮೇಲೆಯೇ ಇಟ್ಟರೆ ಒಂದು ಚೆಲುವಾದ ಫಲಿತಾಂಶ ಉಳಿಯುತ್ತದೆ: ಕೇಂದ್ರದಲ್ಲಿರುವ ಚುಕ್ಕೆಯ ವೇಗೋತ್ಕರ್ಷವೆಂದರೆ ಕಾಯದ ಕೋನೀಯ ವೇಗ ಗುಣಿಸು ಸ್ಥಾನ ಸರಿಯುವ ವೇಗ. 65.6 ಗುಣಿಸು 30, ಅದೇ 1967. ಕೋನೀಯ ವೇಗೋತ್ಕರ್ಷ ಎಷ್ಟೇ ಇರಲಿ, ಈ ಬೆಲೆಯಲ್ಲಿ ಅದು ಬರುವುದೇ ಇಲ್ಲ. ಕಾಯ ತಿರುಗುತ್ತಿರುವಾಗ ಸ್ಥಾನ ಸರಿಯದೆ ನಿಂತರೆ ಮಾತ್ರ ಚುಕ್ಕೆಯ ವೇಗೋತ್ಕರ್ಷ ಸೊನ್ನೆಯಾಗುತ್ತದೆ. ಚೌಕಟ್ಟಿಗೆ ಹೊಡೆದ ನಿಜವಾದ ಪಿನ್ನಿನಲ್ಲಿ ಸದಾ ಹೀಗೆಯೇ ಇರುತ್ತದೆ. ಪಿನ್ನಿನ ಸುತ್ತ ವೇಗೋತ್ಕರ್ಷ ಲೆಕ್ಕ ಹಾಕಬಹುದು, ತತ್ಕ್ಷಣ ಕೇಂದ್ರದ ಸುತ್ತ ಹಾಕಬಾರದು ಎಂಬ ನಿಯಮದ ಕಾರಣ ಇದು.

ಚಕ್ರ ತೀರಾ ಸರಳ ಉದಾಹರಣೆಯಾಯಿತು ಎನ್ನುವವರಿಗಾಗಿ ಗೋಡೆಗೆ ಒರಗಿಸಿದ ಏಣಿಯನ್ನು ತೆಗೆದುಕೊಳ್ಳೋಣ. ಏಣಿಯ ಉದ್ದ 5 ಮೀಟರ್, ಬುಡ ಗೋಡೆಯಿಂದ 3 ಮೀಟರ್ ದೂರದಲ್ಲಿದೆ, ತುದಿ 4 ಮೀಟರ್ ಎತ್ತರದಲ್ಲಿದೆ, ಬುಡ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹೊರಕ್ಕೆ ಜಾರುತ್ತಿದೆ. ಬುಡದಿಂದ ನೇರ ಮೇಲಕ್ಕೆ, ತುದಿಯಿಂದ ನೇರ ಅಡ್ಡಕ್ಕೆ ರೇಖೆ ಎಳೆದರೆ ಕೇಂದ್ರ ಗೋಡೆಯಿಂದ 3 ಮೀಟರ್, ನೆಲದಿಂದ 4 ಮೀಟರ್ ದೂರದ ಗಾಳಿಯಲ್ಲಿ ಸಿಗುತ್ತದೆ. ಕೋನೀಯ ವೇಗ ಸೆಕೆಂಡಿಗೆ 0.25 ರೇಡಿಯನ್, ತುದಿ ಇಳಿಯುವ ವೇಗ 0.75 ಮೀಟರ್, ನಡುಮಧ್ಯದ ಬಿಂದುವಿನ ವೇಗ 0.625 ಮೀಟರ್.

ಏಣಿ ಜಾರಿದಂತೆ ಕೇಂದ್ರ ಎತ್ತ ಹೋಗುತ್ತದೆ? ಗೋಡೆಯ ಬುಡದ ಮೂಲೆ, ಏಣಿಯ ಎರಡು ತುದಿಗಳು, ಕೇಂದ್ರ, ಈ ನಾಲ್ಕೂ ಒಂದು ಆಯತದ ಮೂಲೆಗಳು. ಆಯತದ ಒಂದು ಕರ್ಣ ಏಣಿ, ಇನ್ನೊಂದು ಕರ್ಣ ಮೂಲೆಯಿಂದ ಕೇಂದ್ರಕ್ಕೆ. ಕರ್ಣಗಳು ಸಮವಾದ್ದರಿಂದ ಕೇಂದ್ರ ಸದಾ ಮೂಲೆಯಿಂದ 5 ಮೀಟರ್ ದೂರದ ವೃತ್ತದ ಮೇಲೆಯೇ ಇರುತ್ತದೆ. ಏಣಿಯ ಮೇಲೆ ಕುಳಿತು ನೋಡಿದವರಿಗೆ ಅದು ಏಣಿಯೇ ವ್ಯಾಸವಾದ ಚಿಕ್ಕ ವೃತ್ತದ ಮೇಲಿರುತ್ತದೆ. ಈ ಎರಡು ವೃತ್ತಗಳನ್ನು ಸೆಂಟ್ರೋಡ್ ಎನ್ನುತ್ತಾರೆ. ಏಣಿಯ ಜಾರುವಿಕೆಯೆಲ್ಲವೂ 5 ಮೀಟರ್ ತ್ರಿಜ್ಯದ ವೃತ್ತದ ಒಳಗೆ 5 ಮೀಟರ್ ವ್ಯಾಸದ ವೃತ್ತ ಜಾರದೆ ಉರುಳುವುದಕ್ಕೆ ಸಮ. ಸಮತಲದಲ್ಲಿ ಕಾಯ ತಿರುಗುತ್ತ ಮಾಡುವ ಯಾವ ಚಲನೆಯನ್ನೂ ಹೀಗೆ ಒಂದು ವಕ್ರರೇಖೆಯ ಮೇಲೆ ಇನ್ನೊಂದು ವಕ್ರರೇಖೆ ಉರುಳುವುದೆಂದು ನೋಡಬಹುದು ಎಂಬುದು ಈ ವಿಷಯದಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದ ಸಂಗತಿ.

ನಮ್ಮ ಕ್ಷಣದಲ್ಲಿ ಕೇಂದ್ರದ ಸ್ಥಾನ ವೃತ್ತದ ಮೇಲೆ ಸೆಕೆಂಡಿಗೆ 1.25 ಮೀಟರ್ ಸರಿಯುತ್ತಿದೆ. ಆದ್ದರಿಂದ ಅಲ್ಲಿರುವ ಚುಕ್ಕೆಯ ವೇಗೋತ್ಕರ್ಷ 0.25 ಗುಣಿಸು 1.25, ಎಂದರೆ ಸೆಕೆಂಡ್ ವರ್ಗಕ್ಕೆ 0.3125 ಮೀಟರ್, ಗೋಡೆಯ ಮೂಲೆಯ ಕಡೆಗೆ.

ನಿವೃತ್ತ ಉಪನ್ಯಾಸಕ

ಮೇಡಂ, ಏಣಿಯನ್ನು ಆರಿಸಿದ್ದು ಒಳ್ಳೆಯದಾಯಿತು, ಏಕೆಂದರೆ ಡೈನಮಿಕ್ಸ್ ಓದುವವರು ಎಡವುವ ಇನ್ನೊಂದು ಜಾಗವೂ ಅಲ್ಲಿಯೇ ಇದೆ. ತತ್ಕ್ಷಣ ಕೇಂದ್ರದ ಸುತ್ತ ಮೊಮೆಂಟ್ ಆಫ್ ಇನರ್ಷಿಯಾ (ತಿರುಗುವಿಕೆಗೆ ಕಾಯ ತೋರುವ ಜಡತ್ವ) ತೆಗೆದುಕೊಂಡು ಚಲನಶಕ್ತಿ ಬರೆಯುವುದು ಯಾವಾಗಲೂ ಸರಿ. ಚಲನಶಕ್ತಿಗೆ ಬೇಕಾದದ್ದು ಈ ಕ್ಷಣದ ವೇಗಗಳು ಮಾತ್ರ. ಆದರೆ ಅದೇ ಬಿಂದುವಿನ ಸುತ್ತ ‘ಟಾರ್ಕ್ ಎಂದರೆ ಇನರ್ಷಿಯಾ ಗುಣಿಸು ಕೋನೀಯ ವೇಗೋತ್ಕರ್ಷ’ ಎಂದು ಬರೆಯಲು ಒಂದು ಷರತ್ತಿದೆ: ಕಾಯದ ದ್ರವ್ಯರಾಶಿ ಕೇಂದ್ರಕ್ಕೂ ತತ್ಕ್ಷಣ ಕೇಂದ್ರಕ್ಕೂ ಇರುವ ದೂರ ಚಲನೆಯುದ್ದಕ್ಕೂ ಬದಲಾಗಬಾರದು. ಸಮವಾಗಿ ತೂಕ ಹಂಚಿದ ಏಣಿಯಲ್ಲಿ ಆ ದೂರ ಸದಾ ಉದ್ದದ ಅರ್ಧ, ಉರುಳುವ ಸಮ ಚಕ್ರದಲ್ಲಿ ಸದಾ ತ್ರಿಜ್ಯ. ಎರಡರಲ್ಲಿಯೂ ಸೂತ್ರ ನಡೆಯುತ್ತದೆ. ಒಂದು ಬದಿಗೆ ತೂಕ ಕಟ್ಟಿದ ಚಕ್ರದಲ್ಲಿ ದೂರ ಬದಲಾಗುತ್ತಿರುತ್ತದೆ, ಅಲ್ಲಿ ಸೂತ್ರ ತಪ್ಪುತ್ತದೆ. ಪಠ್ಯದ ಉದಾಹರಣೆಗಳೆಲ್ಲ ಸಮ ಚಕ್ರ, ಸಮ ಏಣಿಗಳೇ ಆಗಿರುವುದರಿಂದ ಷರತ್ತು ಕಣ್ಣಿಗೆ ಬೀಳುವುದೇ ಇಲ್ಲ. ಸಂದೇಹವಿದ್ದಾಗ ದ್ರವ್ಯರಾಶಿ ಕೇಂದ್ರದ ಸುತ್ತಲೇ ಸಮೀಕರಣ ಬರೆಯುವುದು ಕ್ಷೇಮ.

ಇನ್ನೊಂದು. ಘರ್ಷಣೆಯಿಲ್ಲದ ಏಣಿಯನ್ನು ನಿಶ್ಚಲ ಸ್ಥಿತಿಯಿಂದ ತಾನಾಗಿ ಜಾರಲು ಬಿಟ್ಟರೆ, ತುದಿಯ ಎತ್ತರ ಮೊದಲಿದ್ದುದರ ಮೂರನೇ ಎರಡು ಭಾಗಕ್ಕೆ ಇಳಿದಾಗ ತುದಿ ಗೋಡೆಯನ್ನು ಬಿಟ್ಟುಬಿಡುತ್ತದೆ. ಆ ಬಳಿಕ ತುದಿಯಿಂದ ಅಡ್ಡರೇಖೆ ಎಳೆಯುವಂತಿಲ್ಲ, ಏಕೆಂದರೆ ಅದರ ವೇಗ ಗೋಡೆಗೆ ಸಮಾನಾಂತರವಾಗಿರುವುದಿಲ್ಲ. ಲಂಬ ಎಳೆಯುವ ಮೊದಲು ಆ ಬಿಂದುವಿನ ವೇಗದ ದಿಕ್ಕು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿಕೊಳ್ಳಬೇಕು.

ಸಸ್ಪೆನ್ಷನ್ ವಿನ್ಯಾಸಕಿ, ಪುಣೆ

ನಾನು ವಾಹನಗಳ ಸಸ್ಪೆನ್ಷನ್ ವಿನ್ಯಾಸದಲ್ಲಿ ಕೆಲಸ ಮಾಡುವವಳು. ಇದು ಪರೀಕ್ಷೆ ಮುಗಿದ ಮೇಲೆ ಮರೆಯುವ ಪಾಠ ಎಂದು ಯಾರೂ ತಿಳಿಯಬಾರದು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ಡಬಲ್ ವಿಶ್‌ಬೋನ್ ಸಸ್ಪೆನ್ಷನ್ನನ್ನು ಮುಂದಿನಿಂದ ನೋಡಿದರೆ ಮೇಲಿನ ತೋಳು, ಕೆಳಗಿನ ತೋಳು, ಚಕ್ರವನ್ನು ಹಿಡಿದಿರುವ ಅಪ್‌ರೈಟ್, ವಾಹನದ ದೇಹ ಸೇರಿ ನಾಲ್ಕು ಲಿಂಕಿನ ಯಂತ್ರವೇ ಆಗುತ್ತದೆ. ಎರಡು ತೋಳುಗಳ ರೇಖೆಗಳನ್ನು ಒಳಕ್ಕೆ ಎಳೆದು ಅವು ಸೇರುವ ಬಿಂದುವನ್ನು ಗುರುತಿಸಿದರೆ ಅದು ದೇಹಕ್ಕೆ ಸಂಬಂಧಿಸಿದಂತೆ ಚಕ್ರದ ತತ್ಕ್ಷಣ ಕೇಂದ್ರ. ಉದಾಹರಣೆಗೆ ಅದು ಟೈರು ನೆಲ ಮುಟ್ಟುವ ಬಿಂದುವಿನಿಂದ ಅಡ್ಡಕ್ಕೆ 2000 ಮಿ.ಮೀ. ದೂರದಲ್ಲಿ, ನೆಲದಿಂದ 160 ಮಿ.ಮೀ. ಎತ್ತರದಲ್ಲಿ ಇರಲಿ. ಚಕ್ರ 10 ಮಿ.ಮೀ. ಮೇಲೆದ್ದರೆ ಕ್ಯಾಂಬರ್ ಕೋನ (ಮುಂದಿನಿಂದ ನೋಡಿದಾಗ ಚಕ್ರದ ವಾಲುವಿಕೆ) ಸುಮಾರು 10 ಭಾಗಿಸು 2000, ಎಂದರೆ 0.005 ರೇಡಿಯನ್, 0.29 ಡಿಗ್ರಿ ಬದಲಾಗುತ್ತದೆ. ಕಂಪ್ಯೂಟರಿನಲ್ಲಿ ಪೂರ್ಣ ಮಾದರಿ ಕಟ್ಟುವ ಮೊದಲೇ ಈ ಅಂದಾಜು ಕೈಯಲ್ಲಿರುತ್ತದೆ. ಮಾದರಿ ಬೇರೆ ಉತ್ತರ ಕೊಟ್ಟರೆ ಮಾದರಿಯನ್ನು ಮತ್ತೆ ಪರಿಶೀಲಿಸುತ್ತೇವೆ.

ರೋಲ್ ಸೆಂಟರ್, ಎಂದರೆ ದೇಹ ಪಕ್ಕಕ್ಕೆ ಓರೆಯಾಗುವಾಗ ನೆಲಕ್ಕೆ ಸಂಬಂಧಿಸಿದಂತೆ ಅದರ ತತ್ಕ್ಷಣ ಕೇಂದ್ರ, ಎನ್ನುವುದೂ ಕೆನೆಡಿ ಪ್ರಮೇಯದ ನೇರ ಬಳಕೆ. ನೆಲ, ಚಕ್ರ, ದೇಹ ಮೂರು ಕಾಯಗಳು. ಟೈರು ನೆಲ ಮುಟ್ಟುವ ಬಿಂದುವನ್ನು ನೆಲಕ್ಕೂ ಚಕ್ರಕ್ಕೂ ನಡುವಿನ ಕೇಂದ್ರವೆಂದು ಇಟ್ಟುಕೊಳ್ಳುತ್ತೇವೆ. ಅಲ್ಲಿಂದ ಚಕ್ರ-ದೇಹದ ಕೇಂದ್ರಕ್ಕೆ ಎಳೆದ ರೇಖೆಯ ಮೇಲೆಯೇ ನೆಲಕ್ಕೂ ದೇಹಕ್ಕೂ ನಡುವಿನ ಕೇಂದ್ರ ಇರಬೇಕು. ಎಡ, ಬಲ ಎರಡೂ ಬದಿಯ ರೇಖೆಗಳು ಅದರ ಮೂಲಕ ಹಾದುಹೋಗಬೇಕಾದ್ದರಿಂದ, ವಾಹನ ನೆಟ್ಟಗೆ ನಿಂತಿರುವಾಗ ಅದು ಮಧ್ಯರೇಖೆಯ ಮೇಲಿರುತ್ತದೆ. ಎರಡು ಚಕ್ರಗಳ ನಡುವಿನ ಅಗಲ 1500 ಮಿ.ಮೀ. ಆದರೆ ಮಧ್ಯರೇಖೆ 750 ಮಿ.ಮೀ. ದೂರದಲ್ಲಿದೆ, ಎತ್ತರ 160 ಗುಣಿಸು 750 ಭಾಗಿಸು 2000, ಎಂದರೆ 60 ಮಿ.ಮೀ.

ಇಲ್ಲಿಯೂ ಮೇಲಿನವರು ಹೇಳಿದ ಎಚ್ಚರಿಕೆ ಅನ್ವಯಿಸುತ್ತದೆ. ವಾಹನ ಓರೆಯಾದೊಡನೆ ತೋಳುಗಳ ದಿಕ್ಕು ಬದಲಾಗಿ ರೋಲ್ ಸೆಂಟರ್ ಸರಿದುಬಿಡುತ್ತದೆ. ಅದನ್ನು ದೇಹಕ್ಕೆ ಹೊಡೆದ ಪಿನ್ ಎಂದು ಭಾವಿಸಿ ದೊಡ್ಡ ಓರೆಗೆ ಲೆಕ್ಕ ಹಾಕಿದ ವಿನ್ಯಾಸವನ್ನು ನಾನು ನಂಬುವುದಿಲ್ಲ.

ವಾಹನದ ಹೊರಗೂ ಇದರ ಬಳಕೆ ಇದೆ. ಮೊಣಕಾಲಿನ ಮೇಲೆ ಕಾಲು ಕಳೆದುಕೊಂಡವರಿಗೆ ಕೊಡುವ ನಾಲ್ಕು ಲಿಂಕಿನ ಕೃತಕ ಮೊಣಕಾಲುಗಳಲ್ಲಿ, ಕಾಲು ನೇರವಾಗಿರುವಾಗ ತತ್ಕ್ಷಣ ಕೇಂದ್ರ ದೇಹದ ಭಾರದ ರೇಖೆಗಿಂತ ಹಿಂದೆ ಬೀಳುವಂತೆ ಲಿಂಕುಗಳನ್ನು ಜೋಡಿಸುತ್ತಾರೆ. ಆಗ ಭಾರವೇ ಮೊಣಕಾಲನ್ನು ನೆಟ್ಟಗೆ ಒತ್ತಿಹಿಡಿಯುತ್ತದೆ, ನಿಂತವರು ಕುಸಿಯುವುದಿಲ್ಲ. ಮಡಚಲು ಆರಂಭಿಸಿದೊಡನೆ ಕೇಂದ್ರ ಸರಿದು ಕಾಲು ಸಲೀಸಾಗಿ ಬಾಗುತ್ತದೆ. ಒಂದೇ ಪಿನ್ನಿನ ಮೊಣಕಾಲಿನಲ್ಲಿ ಕೇಂದ್ರ ಹೀಗೆ ಸರಿಯಲಾರದು. ಕೇಂದ್ರ ಸರಿಯುವುದನ್ನು ಲೆಕ್ಕದ ತೊಡಕೆಂದು ನೋಡುವವರು ಈ ಮೊಣಕಾಲನ್ನೊಮ್ಮೆ ಗಮನಿಸಬೇಕು. ಸರಿಯುವುದರಿಂದಲೇ ಅದು ಕೆಲಸ ಮಾಡುತ್ತದೆ.

ಮೆಕ್ಯಾನಿಕಲ್ ವಿದ್ಯಾರ್ಥಿ, ದಾವಣಗೆರೆ

ಎಲ್ಲರ ಉತ್ತರಗಳನ್ನು ಬರೆದಿಟ್ಟುಕೊಂಡು ಓದುತ್ತಿದ್ದೇನೆ. ಒಂದು ಲೆಕ್ಕದಲ್ಲಿ ಎರಡು ಲಂಬಗಳು ಸೇರುವುದೇ ಇಲ್ಲ. ನಾಲ್ಕು ಲಿಂಕಿನ ಯಂತ್ರದಲ್ಲಿ ಎರಡು ಸ್ಥಿರ ಪಿನ್ನುಗಳ ನಡುವೆ 100 ಮಿ.ಮೀ., ಎಡಗಡೆಯ ಕ್ರ್ಯಾಂಕ್ 40 ಮಿ.ಮೀ., ಬಲಗಡೆಯ ರಾಕರ್ 80 ಮಿ.ಮೀ.; ಕೊಟ್ಟಿರುವ ಕ್ಷಣದಲ್ಲಿ ಎರಡೂ ನೇರ ಮೇಲಕ್ಕೆ ನಿಂತಿವೆ. ಕ್ರ್ಯಾಂಕ್ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಸೆಕೆಂಡಿಗೆ 10 ರೇಡಿಯನ್ ಏಕರೀತಿಯಾಗಿ ತಿರುಗುತ್ತಿದೆ. ಎರಡರ ಮೇಲ್ತುದಿಗಳನ್ನು ಸೇರಿಸುವ ಕಪ್ಲರ್ ಲಿಂಕಿನ ಕೇಂದ್ರ ಅನಂತದಲ್ಲಿದೆ ಎಂದು ಬರೆದರೆ ಕಪ್ಲರ್ ತಿರುಗುತ್ತಲೇ ಇಲ್ಲ ಎಂದಾಗುತ್ತದೆ. ಆದರೆ ಇದು ಸಮಾನಾಂತರ ಚತುರ್ಭುಜವಲ್ಲ, ಕಪ್ಲರ್ ತಿರುಗಲೇಬೇಕಲ್ಲವೇ?

ಗಣಿತ ಶಿಕ್ಷಕಿ, ಮೈಸೂರು

ಎರಡೂ ನಿಜ. ಈ ಕ್ಷಣದಲ್ಲಿ ಕಪ್ಲರ್ ತಿರುಗುತ್ತಿಲ್ಲ, ಆದರೂ ಅದಕ್ಕೆ ಕೋನೀಯ ವೇಗೋತ್ಕರ್ಷ ಇದೆ.

ಕಪ್ಲರಿನ ಎಲ್ಲ ಬಿಂದುಗಳೂ ಈಗ ಒಂದೇ ವೇಗದಲ್ಲಿ, ಎಡಕ್ಕೆ ಸೆಕೆಂಡಿಗೆ 400 ಮಿ.ಮೀ. ಚಲಿಸುತ್ತಿವೆ. ಆದ್ದರಿಂದ ರಾಕರ್ 400 ಭಾಗಿಸು 80, ಸೆಕೆಂಡಿಗೆ 5 ರೇಡಿಯನ್. ಕೆನೆಡಿ ಪ್ರಮೇಯದಿಂದಲೂ ನೋಡಿ: ಕಪ್ಲರ್ ರೇಖೆಯನ್ನು ಎಡಕ್ಕೆ ಎಳೆದರೆ ಅದು ಸ್ಥಿರ ಪಿನ್ನುಗಳ ರೇಖೆಯನ್ನು ಕ್ರ್ಯಾಂಕಿನ ಸ್ಥಿರ ಪಿನ್ನಿನಿಂದ 100 ಮಿ.ಮೀ. ಎಡಕ್ಕೆ ಕತ್ತರಿಸುತ್ತದೆ, ಆ ಬಿಂದು ರಾಕರಿನ ಸ್ಥಿರ ಪಿನ್ನಿನಿಂದ 200 ಮಿ.ಮೀ. ದೂರದಲ್ಲಿದೆ. 100ಕ್ಕೆ 200, ಎಂದರೆ ರಾಕರಿನ ಕೋನೀಯ ವೇಗ ಕ್ರ್ಯಾಂಕಿನ ಅರ್ಧ.

ವೇಗೋತ್ಕರ್ಷಕ್ಕೆ ಕೇಂದ್ರವನ್ನು ಬಿಟ್ಟು ಎರಡು ತುದಿಗಳನ್ನು ನೋಡಬೇಕು. ಕ್ರ್ಯಾಂಕ್ ತುದಿಗೆ ಕೆಳಮುಖವಾಗಿ 40 ಗುಣಿಸು 100, ಸೆಕೆಂಡ್ ವರ್ಗಕ್ಕೆ 4000 ಮಿ.ಮೀ.; ರಾಕರ್ ತುದಿಗೆ ಕೆಳಮುಖವಾಗಿ 80 ಗುಣಿಸು 25, ಅಂದರೆ 2000 ಮಿ.ಮೀ. ಈ 2000ದ ವ್ಯತ್ಯಾಸವನ್ನು ಎರಡು ತುದಿಗಳ ನಡುವಿನ 100 ಮಿ.ಮೀ. ಅಡ್ಡ ಅಂತರದಿಂದ ಭಾಗಿಸಿದರೆ ಕಪ್ಲರಿನ ಕೋನೀಯ ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 20 ರೇಡಿಯನ್. ಈಗ ಕೋನೀಯ ವೇಗ ಸೊನ್ನೆಯಾದ್ದರಿಂದ ಲೆಕ್ಕ ಇಷ್ಟು ಸುಲಭವಾಯಿತು.

ಇದನ್ನು ಚಿತ್ರದಲ್ಲೇ ತಾಳೆ ನೋಡಬಹುದು. ಸೆಕೆಂಡಿನ ನೂರನೆಯ ಒಂದು ಭಾಗ ಕಳೆಯಲಿ. ಕ್ರ್ಯಾಂಕ್ 0.1 ರೇಡಿಯನ್, ರಾಕರ್ ಸುಮಾರು 0.05 ರೇಡಿಯನ್ ಎಡಕ್ಕೆ ವಾಲಿರುತ್ತವೆ. ಅವುಗಳ ರೇಖೆಗಳನ್ನು ಕೆಳಕ್ಕೆ ಎಳೆಯಿರಿ: ಒಂದೊಂದು ಮೀಟರ್ ಕೆಳಗಿಳಿದಂತೆ ಕ್ರ್ಯಾಂಕಿನ ರೇಖೆ 100 ಮಿ.ಮೀ., ರಾಕರಿನ ರೇಖೆ 50 ಮಿ.ಮೀ. ಬಲಕ್ಕೆ ಸರಿಯುತ್ತದೆ, ನಡುವಿನ 100 ಮಿ.ಮೀ. ಅಂತರ ಸುಮಾರು 2 ಮೀಟರ್ ಕೆಳಗೆ ಮುಚ್ಚಿಹೋಗುತ್ತದೆ. ಕೇಂದ್ರ ಈಗ ಅಲ್ಲಿದೆ. ಕಪ್ಲರಿನ ಕೋನೀಯ ವೇಗ ಆಗ 20 ಗುಣಿಸು 0.01, ಸೆಕೆಂಡಿಗೆ 0.2 ರೇಡಿಯನ್, 400ನ್ನು 0.2ರಿಂದ ಭಾಗಿಸಿದರೂ ಅದೇ 2 ಮೀಟರ್. ನೀವು ಕೊಟ್ಟ ಕ್ಷಣಕ್ಕಿಂತ ಅಷ್ಟೇ ಹೊತ್ತು ಮೊದಲು ಎರಡು ಲಿಂಕುಗಳೂ ಬಲಕ್ಕೆ ವಾಲಿದ್ದವು, ಕೇಂದ್ರ ಸುಮಾರು 2 ಮೀಟರ್ ಮೇಲಿತ್ತು.